ಡಿಸ್ಕ್ ಸತ್ತ ಮೇಲಿನ ಗಂಟೆಗಳು

1987ರ ಡಿಸೆಂಬರಿನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಒಂದು ತಾಂತ್ರಿಕ ವರದಿ ಹೊರಬಂತು. ಬರೆದವರು ಮೂವರು: ಪ್ರಾಧ್ಯಾಪಕರಾದ ಡೇವಿಡ್ ಪ್ಯಾಟರ್ಸನ್ ಮತ್ತು ರಾಂಡಿ ಕ್ಯಾಟ್ಜ್, ಜೊತೆಗೆ ಸಂಶೋಧನಾ ವಿದ್ಯಾರ್ಥಿ ಗಾರ್ತ್ ಗಿಬ್ಸನ್. ವರದಿಯ ಜೀವಾಳ ಒಂದು ಪುಟ್ಟ ಭಾಗಾಕಾರದಲ್ಲಿತ್ತು. ಸರಾಸರಿ 30,000 ಗಂಟೆ ಬಾಳುತ್ತದೆ ಎಂದು ತಯಾರಕರು ಹೇಳುವ ಡಿಸ್ಕುಗಳನ್ನು ನೂರರಷ್ಟು ಒಟ್ಟಿಗೆ ಜೋಡಿಸಿದರೆ, ಅವುಗಳಲ್ಲಿ ಯಾವುದಾದರೂ ಒಂದು ಕೈಕೊಡಲು 300 ಗಂಟೆ ಸಾಕು. ಎರಡು ವಾರವೂ ಆಗುವುದಿಲ್ಲ. ಸಾವಿರ ಜೋಡಿಸಿದರೆ 30 ಗಂಟೆ; ಹೆಚ್ಚುಕಡಿಮೆ ದಿನಕ್ಕೊಂದು ಡಿಸ್ಕ್ ಸಾಯುತ್ತದೆ.

ಇಷ್ಟು ನಿರಾಶೆಯ ಲೆಕ್ಕವನ್ನು ಅವರು ಹಾಕಿದ್ದು ಅಂಥ ಜೋಡಣೆಯೇ ಬೇಡ ಎನ್ನುವುದಕ್ಕಲ್ಲ, ಅದೇ ಬೇಕು ಎನ್ನುವುದಕ್ಕೆ. ಆ ಕಾಲದ ದೊಡ್ಡ ಕಂಪ್ಯೂಟರುಗಳಿಗೆ ಐಬಿಎಂ 3380 ಮಾದರಿಯ ಡಿಸ್ಕುಗಳಿದ್ದವು. 14 ಇಂಚು ಅಗಲದ ತಟ್ಟೆಗಳು, 7,500 ಮೆಗಾಬೈಟ್ ಸಾಮರ್ಥ್ಯ, ಬೆಲೆಯೂ ಅದಕ್ಕೆ ತಕ್ಕಂತೆ. ಇನ್ನೊಂದೆಡೆ ಮೇಜಿನ ಮೇಲಿನ ಪಿಸಿಗಳಿಗಾಗಿ ಕಾನರ್ ಕಂಪನಿಯ ಮೂರೂವರೆ ಇಂಚಿನ, 100 ಮೆಗಾಬೈಟಿನ ಪುಟ್ಟ ಡಿಸ್ಕುಗಳು ಅಗ್ಗವಾಗಿ ಬರತೊಡಗಿದ್ದವು. ಪ್ರೊಸೆಸರುಗಳು ವರ್ಷವರ್ಷಕ್ಕೂ ವೇಗ ಹೆಚ್ಚಿಸಿಕೊಳ್ಳುತ್ತಿದ್ದರೆ ತಟ್ಟೆಯ ಮೇಲೆ ಓದುವ, ಬರೆಯುವ ಡಿಸ್ಕಿನ ಕೈ ಮಾತ್ರ ಹಳೆಯ ನಿಧಾನದಲ್ಲೇ ಅತ್ತಿತ್ತ ಸರಿಯುತ್ತಿತ್ತು. ಒಂದು ದೊಡ್ಡ ಡಿಸ್ಕಿನ ಬದಲು ಸಣ್ಣವನ್ನು ಸಾಲಾಗಿ ನಿಲ್ಲಿಸಿದರೆ ನೂರು ಕೈಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಅಡ್ಡಿ ಒಂದೇ, ಆ 300 ಗಂಟೆ. ಆಮೇಲಿನ ಮೂರೂವರೆ ದಶಕಗಳ ಸ್ಟೋರೇಜ್ ತಂತ್ರಜ್ಞಾನದ ಚರಿತ್ರೆಯೆಲ್ಲ ಈ ಅಡ್ಡಿಯೊಂದಿಗಿನ ಗುದ್ದಾಟ. ಅದನ್ನು ಸಮೀಪದಿಂದ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಡಿಸ್ಕ್ ಸತ್ತ ಗಳಿಗೆ ಅಷ್ಟೇನೂ ಅಪಾಯದ್ದಲ್ಲ. ಸತ್ತದ್ದರ ಜಾಗದಲ್ಲಿ ಹೊಸದನ್ನು ಕೂರಿಸಿ, ಕಳೆದುಹೋದದ್ದನ್ನು ಅದರೊಳಗೆ ಮತ್ತೆ ತುಂಬಿಸುವ ಗಂಟೆಗಳಲ್ಲಿ ನಿಜವಾದ ಅಪಾಯವಿದೆ.

ಡಿಸ್ಕ್ ಎಂಬ ವಸ್ತು ಹುಟ್ಟಿದ್ದೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ರೆನಾಲ್ಡ್ ಜಾನ್ಸನ್ ನೇತೃತ್ವದ ಐಬಿಎಂ ತಂಡ 1956ರ ಸೆಪ್ಟೆಂಬರಿನಲ್ಲಿ ‘ರಾಮಾಕ್’ ಯಂತ್ರವನ್ನು ಹೊರತಂದಿತು. ಅದರ ಡಿಸ್ಕ್ ಘಟಕದಲ್ಲಿ ಎರಡಡಿ ಅಗಲದ 50 ತಟ್ಟೆಗಳು ಒಂದರ ಮೇಲೊಂದು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಒಂದೇ ಕೈ ಮೇಲಕ್ಕೂ ಕೆಳಕ್ಕೂ ಓಡಾಡಿ ಬೇಕಾದ ತಟ್ಟೆಯನ್ನು ಹುಡುಕುತ್ತಿತ್ತು. ಸುಮಾರು ಒಂದು ಟನ್ ತೂಕದ ಈ ಘಟಕದಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು. ಇಂದು ಫೋನಿನಲ್ಲಿ ತೆಗೆಯುವ ಒಂದು ಫೋಟೋದಷ್ಟು. ಓದುವ ಹೆಡ್ ತಟ್ಟೆಗೆ ತಾಗದಿರಲೆಂದು ಒತ್ತಡದ ಗಾಳಿಯನ್ನು ಊದುತ್ತಿದ್ದರು. ಈಗಿನ ಡಿಸ್ಕುಗಳಲ್ಲಿ ಹೆಡ್ಡಿಗೂ ತಟ್ಟೆಗೂ ನಡುವೆ ಉಳಿದಿರುವ ಅಂತರ ಕೆಲವೇ ನ್ಯಾನೋಮೀಟರ್. ಹೆಡ್ ತಟ್ಟೆಗೆ ಉಜ್ಜಿದರೆ ಅಲ್ಲಿಗೆ ಮುಗಿಯಿತು. ಇದಕ್ಕೆ ‘ಹೆಡ್ ಕ್ರ್ಯಾಶ್’ ಎಂಬ ಹೆಸರು ಬಿದ್ದು ದಶಕಗಳೇ ಕಳೆದಿವೆ.

ಆಗಿನ ಕಂಪ್ಯೂಟರ್ ಕೇಂದ್ರಗಳು ನೆಚ್ಚಿಕೊಂಡಿದ್ದದ್ದು ಟೇಪನ್ನು. ರಾತ್ರಿ ಪಾಳಿಯಲ್ಲಿ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಟೇಪಿಗೆ ನಕಲಿಳಿಸಿ ಬೇರೆ ಕೋಣೆಯಲ್ಲೋ ಬೇರೆ ಕಟ್ಟಡದಲ್ಲೋ ಇಡುತ್ತಿದ್ದರು. ಹಗಲು ಡಿಸ್ಕ್ ಕೆಟ್ಟರೆ ಹಿಂದಿನ ರಾತ್ರಿಯ ಟೇಪ್ ಸಿಗುತ್ತಿತ್ತು. ಆ ಬೆಳಗಿನಿಂದ ನಡೆದ ವ್ಯವಹಾರ ಮಾತ್ರ ಹೋಗುತ್ತಿತ್ತು. ತಿಂಗಳ ಸಂಬಳದ ಪಟ್ಟಿ ತಯಾರಿಸುವ ಕಚೇರಿಗೆ ಇದು ಸಹಿಸಬಹುದಾದ ನಷ್ಟ. ಎಟಿಎಂಗಳನ್ನು ನಡೆಸುವ ಬ್ಯಾಂಕಿಗೆ ಸಹಿಸಲಾಗದ್ದು.

ಆ ಗಿರಾಕಿಗಳಿಗಾಗಿಯೇ 1974ರಲ್ಲಿ ಜೇಮ್ಸ್ ಟ್ರೈಬಿಗ್ ಎಂಬಾತ ಟ್ಯಾಂಡಮ್ ಕಂಪನಿ ಕಟ್ಟಿದ. 1976ರಲ್ಲಿ ಅದರ ಮೊದಲ ಯಂತ್ರ ಸಿಟಿಬ್ಯಾಂಕಿಗೆ ಹೋಯಿತು. ಟ್ಯಾಂಡಮ್ ಯಂತ್ರದಲ್ಲಿ ಎಲ್ಲವೂ ಜೋಡಿ: ಪ್ರೊಸೆಸರು ಎರಡು, ವಿದ್ಯುತ್ ದಾರಿ ಎರಡು, ಡಿಸ್ಕೂ ಎರಡು. ಬರೆಯುವುದನ್ನೆಲ್ಲ ಎರಡು ಡಿಸ್ಕಿಗೂ ಬರೆಯುವ ಈ ಪದ್ಧತಿಗೆ ‘ಮಿರರಿಂಗ್’ ಎಂದು ಹೆಸರು. ಒಂದು ಸತ್ತರೆ ಇನ್ನೊಂದು ಅಲ್ಲೇ ಇದೆ, ಗಿರಾಕಿಗೆ ಗೊತ್ತೂ ಆಗುವುದಿಲ್ಲ. ಓದುವಾಗ ಇನ್ನೊಂದು ಲಾಭವೂ ಉಂಟು: ಎರಡು ಡಿಸ್ಕುಗಳಲ್ಲಿ ಯಾವುದರ ಕೈ ಹತ್ತಿರವಿದೆಯೋ ಅದರಿಂದ ಓದಬಹುದು. ಖರ್ಚು ಮಾತ್ರ ಇಮ್ಮಡಿ. ಡಿಸ್ಕೊಂದಕ್ಕೆ ಸಾವಿರಾರು ಡಾಲರ್ ಬೀಳುತ್ತಿದ್ದ ಕಾಲದಲ್ಲಿ ಇಮ್ಮಡಿ ಎಂಬುದು ಬ್ಯಾಂಕು, ಷೇರು ಮಾರುಕಟ್ಟೆಗಳಂಥ ಕೆಲವರ ಕೈಗೆ ಮಾತ್ರ ಎಟುಕುವ ಮಾತಾಗಿತ್ತು.

ಇಮ್ಮಡಿ ಮಾಡದೆಯೂ ಉಳಿಸಿಕೊಳ್ಳುವ ದಾರಿ ಗಣಿತದಲ್ಲಿತ್ತು, ಅದೂ ಬಹಳ ಮೊದಲೇ. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯದಲ್ಲಿ ರಿಲೇ ಕಂಪ್ಯೂಟರಿಗೆ ಕೆಲಸ ಒಪ್ಪಿಸಿ ಹೋಗುತ್ತಿದ್ದ. ಯಂತ್ರ ಎಲ್ಲೋ ಒಂದು ದೋಷ ಕಂಡು ಆ ಕೆಲಸವನ್ನು ಅರ್ಧಕ್ಕೇ ಕೈಬಿಟ್ಟಿರುತ್ತಿತ್ತು. ತಪ್ಪಾಗಿದೆ ಎಂದು ಪತ್ತೆಹಚ್ಚಬಲ್ಲ ಯಂತ್ರ ತಪ್ಪು ಎಲ್ಲಿದೆ ಎಂದು ಕಂಡುಕೊಂಡು ತಾನೇ ಏಕೆ ತಿದ್ದಿಕೊಳ್ಳಬಾರದು ಎಂಬ ರೇಗಿನಿಂದ ಹುಟ್ಟಿದ್ದು, 1950ರಲ್ಲಿ ಅವನು ಪ್ರಕಟಿಸಿದ ದೋಷ ತಿದ್ದುವ ಸಂಕೇತ. ಹತ್ತು ವರ್ಷದ ನಂತರ ಎಂಐಟಿಯ ಲಿಂಕನ್ ಪ್ರಯೋಗಾಲಯದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಇನ್ನೂ ಬಲವಾದ ಸಂಕೇತವೊಂದನ್ನು ಕೊಟ್ಟರು. ಹ್ಯಾಮಿಂಗನ ದಾರಿಯನ್ನು ಡಿಸ್ಕುಗಳಿಗೆ ನೇರವಾಗಿ ಒಗ್ಗಿಸಿದವರೂ ಇದ್ದರು. 1980ರ ದಶಕದ ‘ಕನೆಕ್ಷನ್ ಮಷೀನ್’ ಎಂಬ ಸೂಪರ್‌ಕಂಪ್ಯೂಟರಿನ ಜೊತೆಗೆ ಬರುತ್ತಿದ್ದ ‘ಡೇಟಾವಾಲ್ಟ್’ ಪೆಟ್ಟಿಗೆಯಲ್ಲಿ 32 ಡಿಸ್ಕುಗಳು ಮಾಹಿತಿಗೆ ಮೀಸಲು, 7 ತಿದ್ದುಪಡಿಗೆ.

ಆದರೆ ಡಿಸ್ಕಿನ ವಿಷಯದಲ್ಲಿ ಹ್ಯಾಮಿಂಗನಷ್ಟು ಕಷ್ಟಪಡಬೇಕಾಗಿಯೇ ಇರಲಿಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹತ್ತು ಬಾಬತ್ತುಗಳನ್ನು ಬರೆದು ಕೆಳಗೆ ಮೊತ್ತ ಹಾಕಿರುತ್ತಾರೆ. ಒಂದು ಬಾಬತ್ತಿನ ಮೇಲೆ ಎಣ್ಣೆ ಚೆಲ್ಲಿ ಅಕ್ಷರ ಅಳಿಸಿಹೋದರೂ, ಮೊತ್ತದಿಂದ ಉಳಿದ ಒಂಬತ್ತನ್ನು ಕಳೆದರೆ ಅದು ತಾನಾಗಿ ಸಿಗುತ್ತದೆ. ಯಾವ ಸಾಲು ಅಳಿಸಿದೆ ಎಂದು ಕಣ್ಣಿಗೇ ಕಾಣುವುದರಿಂದ ಒಂದು ಮೊತ್ತ ಸಾಕು. ಡಿಸ್ಕಿನದೂ ಇದೇ ಕಥೆ. ಕೆಟ್ಟ ಡಿಸ್ಕ್ ಉತ್ತರಿಸುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ಕೆಟ್ಟಿದ್ದು ಯಾವುದೆಂದು ಹುಡುಕಬೇಕಿಲ್ಲ. ಹತ್ತು ಡಿಸ್ಕುಗಳಿಗೆ ಒಂದೇ ಒಂದು ಹೆಚ್ಚುವರಿ ಡಿಸ್ಕಿನಲ್ಲಿ ‘ಪ್ಯಾರಿಟಿ’ ಎಂಬ ಮೊತ್ತವನ್ನು ಇಟ್ಟರೆ ಸಾಕು. ಐಬಿಎಂನ ನಾರ್ಮನ್ ಕೆನ್ ಔಚಿ ಸತ್ತ ಘಟಕದ ಮಾಹಿತಿಯನ್ನು ಉಳಿದ ಘಟಕಗಳಿಂದ ಕಟ್ಟಿಕೊಳ್ಳುವ ಉಪಾಯಕ್ಕೆ 1978ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಬರ್ಕ್ಲಿಯವರು ಮಾಡಿದ ದೊಡ್ಡ ಕೆಲಸವೆಂದರೆ ಅಲ್ಲಿಲ್ಲಿ ಚದುರಿದ್ದ ಈ ಉಪಾಯಗಳನ್ನೆಲ್ಲ ಒಂದು ಹೆಸರಿನಡಿ ತಂದು, ಐದು ಮಟ್ಟಗಳಾಗಿ ವಿಂಗಡಿಸಿ, ಪ್ರತಿಯೊಂದರ ಖರ್ಚು, ವೇಗ, ಆಯಸ್ಸನ್ನು ಲೆಕ್ಕ ಹಾಕಿ ಮುಂದಿಟ್ಟದ್ದು. ಆ ಹೆಸರು ‘ರೇಡ್’, ‘ಅಗ್ಗದ ಡಿಸ್ಕುಗಳ ಹೆಚ್ಚುವರಿ ಸಾಲು’ ಎಂಬುದರ ಇಂಗ್ಲಿಷ್ ಸಂಕ್ಷೇಪ. 1988ರ ಜೂನಿನಲ್ಲಿ ಶಿಕಾಗೊದ ಒಂದು ಸಮ್ಮೇಳನದಲ್ಲಿ ಆ ವರದಿ ಪ್ರಬಂಧವಾಗಿ ಮಂಡನೆಯಾಯಿತು.

ಐದನೆಯ ಮಟ್ಟ, ಅಂದರೆ ರೇಡ್-5, ಎಲ್ಲಕ್ಕಿಂತ ಹೆಸರು ಮಾಡಿತು. ಮೊತ್ತವನ್ನು ಒಂದೇ ಡಿಸ್ಕಿನಲ್ಲಿಟ್ಟರೆ ಯಾರು ಎಲ್ಲಿ ಬರೆದರೂ ಆ ಡಿಸ್ಕನ್ನೇ ತಟ್ಟಬೇಕು, ಅಲ್ಲಿ ಸರತಿ ಸಾಲು ಬೆಳೆಯುತ್ತದೆ. ಅದಕ್ಕೆ ಮೊತ್ತವನ್ನು ಸರದಿಯ ಮೇಲೆ ಎಲ್ಲ ಡಿಸ್ಕುಗಳಿಗೂ ಹಂಚುವುದು ರೇಡ್-5ರ ಜಾಣ್ಮೆ. ಆದರೂ ಒಂದು ಸಣ್ಣ ಬದಲಾವಣೆಗೆ ಹಳೆಯ ಮಾಹಿತಿ, ಹಳೆಯ ಮೊತ್ತ ಎರಡನ್ನೂ ಓದಿ, ಹೊಸವೆರಡನ್ನೂ ಬರೆಯಬೇಕು. ಒಂದರ ಜಾಗದಲ್ಲಿ ನಾಲ್ಕು ಕೆಲಸ. ನಡುವೆ ಕರೆಂಟ್ ಹೋದರೆ ಮೊತ್ತಕ್ಕೂ ಮಾಹಿತಿಗೂ ತಾಳೆ ತಪ್ಪುತ್ತದೆ. ಕಂಟ್ರೋಲರ್ ಕಾರ್ಡುಗಳ ಮೇಲೆ ಬ್ಯಾಟರಿ ಬಂದು ಕುಳಿತದ್ದು ಇದಕ್ಕಾಗಿಯೇ.

ಇನ್ನು ಆಯಸ್ಸಿನ ಲೆಕ್ಕ. ಇಲ್ಲಿ ಸ್ವಲ್ಪ ನಿಲ್ಲಬೇಕು. ನೂರು ಡಿಸ್ಕುಗಳನ್ನು ಹತ್ತು ಗುಂಪು ಮಾಡಿ, ಗುಂಪಿಗೊಂದು ಹೆಚ್ಚುವರಿ ಡಿಸ್ಕ್ ಕೊಟ್ಟರೆ ಮಾಹಿತಿ ನಿಜವಾಗಿ ಕಳೆದುಹೋಗಲು ಸರಾಸರಿ 8,20,000 ಗಂಟೆ ಬೇಕು, ಅಂದರೆ 90 ವರ್ಷಕ್ಕೂ ಹೆಚ್ಚು ಎಂದು ಪ್ರಬಂಧ ತೋರಿಸಿತು. ಎರಡು ವಾರ ಎಲ್ಲಿ, 90 ವರ್ಷ ಎಲ್ಲಿ! ಹಾರ್ಡ್‌ವೇರ್ ಕಂಪನಿಗಳು ರೇಡ್ ಕಡೆಗೆ ಮುಗಿಬಿದ್ದದ್ದು ಸಹಜ. ಆದರೆ ಆ ಸೂತ್ರದ ಭಾಜಕದಲ್ಲಿ ರಿಪೇರಿಯ ಅವಧಿ ಕುಳಿತಿತ್ತು. ಗುಂಪಿನಲ್ಲಿ ಒಂದು ಡಿಸ್ಕ್ ಸತ್ತ ಮೇಲೆ, ಹೊಸದರಲ್ಲಿ ಹಳೆಯ ಮಾಹಿತಿ ತುಂಬಿಸಿ ಮುಗಿಸುವ ಮೊದಲೇ ಎರಡನೆಯದು ಸತ್ತರೆ ಆ ಗುಂಪು ಹೋದಂತೆ. ಪ್ರಬಂಧ ಈ ಅವಧಿಯನ್ನು ಒಂದು ಗಂಟೆ ಎಂದು ಹಿಡಿದಿತ್ತು.

ಆಗ ಅದು ಉತ್ಪ್ರೇಕ್ಷೆಯಾಗಿರಲಿಲ್ಲ. 100 ಮೆಗಾಬೈಟಿನ ಕಾನರ್ ಡಿಸ್ಕ್ ಸೆಕೆಂಡಿಗೆ ಒಂದು ಮೆಗಾಬೈಟ್ ಕೊಡುತ್ತಿತ್ತು. ಇಡೀ ಡಿಸ್ಕನ್ನು ಈ ತುದಿಯಿಂದ ಆ ತುದಿಗೆ ಓದಲು ಎರಡು ನಿಮಿಷವೂ ಬೇಡ. ಇಂದಿನ 20 ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ 250 ಮೆಗಾಬೈಟ್ ವೇಗದಲ್ಲಿ ಓದಿದರೆ 22 ಗಂಟೆ ಹಿಡಿಯುತ್ತದೆ, ಅದೂ ಬೇರೆ ಯಾವ ಕೆಲಸವೂ ಇಲ್ಲದೆ ಬಿಟ್ಟರೆ. ಸಾಮರ್ಥ್ಯ ಎರಡು ಲಕ್ಷ ಪಟ್ಟು ಬೆಳೆಯಿತು, ವೇಗ 250 ಪಟ್ಟು. ಪ್ರಬಂಧದ ಅದೇ ಸೂತ್ರದಲ್ಲಿ ಒಂದು ಗಂಟೆಯ ಜಾಗದಲ್ಲಿ 24 ಗಂಟೆ ಹಾಕಿ ನೋಡಿದರೆ 90 ವರ್ಷ ಕರಗಿ ನಾಲ್ಕು ವರ್ಷದ ಒಳಗೆ ಬರುತ್ತದೆ. ಡಿಸ್ಕುಗಳ ಬಾಳಿಕೆ ಆಗಿಗಿಂತ ಈಗ ಎಷ್ಟೋ ಸುಧಾರಿಸಿದೆ ಎನ್ನುವುದು ನಿಜ. ಆದರೂ ರಿಪೇರಿಯ ಹೊತ್ತು ಹೀಗೆ ಉದ್ದವಾಗುತ್ತಲೇ ಹೋಗಿದ್ದು ಮುಂದಿನ ಪ್ರತಿಯೊಂದು ಸಂಕಟದ ಬೇರಾಯಿತು.

1990ರ ದಶಕದ ಸಂಭ್ರಮದಲ್ಲಿ ಇದು ಯಾರನ್ನೂ ಕಾಡಲಿಲ್ಲ. ಬರ್ಕ್ಲಿಯವರು 1989ರಲ್ಲಿ 28 ಡಿಸ್ಕುಗಳ ಮೊದಲ ಮಾದರಿಯನ್ನು ಕಟ್ಟಿದರು. 1990ರಲ್ಲಿ ಇಎಂಸಿ ಕಂಪನಿ ಸಣ್ಣ ಡಿಸ್ಕುಗಳ ಸಾಲಿನಿಂದಾದ ‘ಸಿಮ್ಮೆಟ್ರಿಕ್ಸ್’ ತಂದು, ದೊಡ್ಡ ಕಂಪ್ಯೂಟರುಗಳ ಡಿಸ್ಕ್ ವ್ಯಾಪಾರದಲ್ಲಿ ಐಬಿಎಂಗೆ ಸವಾಲೊಡ್ಡಿತು. 1992ರಲ್ಲಿ ನೆಟ್‌ಆ್ಯಪ್ ಎಂಬ ಸ್ಟೋರೇಜ್ ಕಂಪನಿ ಹುಟ್ಟಿತು. ಮಾರಾಟಗಾರರಿಗೆ ತಮ್ಮ ದುಬಾರಿ ಪೆಟ್ಟಿಗೆಯ ಹೆಸರಿನಲ್ಲಿ ‘ಅಗ್ಗದ’ ಎಂಬ ಮಾತು ಇರುವುದು ಹಿಡಿಸಲಿಲ್ಲ. ‘ಸ್ವತಂತ್ರ’ ಎಂಬರ್ಥದ ಪದ ಅಲ್ಲಿ ಬಂದು ಕುಳಿತಿತು. ಪೆಟ್ಟಿಗೆಯೊಳಗೇ ಒಂದು ಖಾಲಿ ಡಿಸ್ಕನ್ನು ತಿರುಗುತ್ತಲೇ ಇರಿಸಿ, ಯಾವುದಾದರೂ ಸತ್ತ ಕೂಡಲೇ ಮನುಷ್ಯರಿಗಾಗಿ ಕಾಯದೆ ಅದರೊಳಗೆ ಮಾಹಿತಿ ತುಂಬಲು ಶುರುಮಾಡುವ ‘ಹಾಟ್ ಸ್ಪೇರ್’ ಪದ್ಧತಿಯೂ ರೂಢಿಗೆ ಬಂತು. ರಿಪೇರಿಯ ಅವಧಿಯಿಂದ ಎಂಜಿನಿಯರ್ ಕಾರು ಹತ್ತಿ ಬರುವ ಹೊತ್ತನ್ನು ತೆಗೆದುಹಾಕಿದ ಈ ಉಪಾಯಕ್ಕೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ.

ಮನುಷ್ಯನ ಕೈಯನ್ನು ದೂರ ಇಡುವುದಕ್ಕೆ ಇನ್ನೂ ಒಂದು ಕಾರಣವಿತ್ತು. ಟ್ಯಾಂಡಮ್‌ನಲ್ಲಿದ್ದ ಜಿಮ್ ಗ್ರೇ 1985ರಲ್ಲಿ ಕಂಪ್ಯೂಟರುಗಳು ಏಕೆ ನಿಲ್ಲುತ್ತವೆ ಎಂದು ಕಂಪನಿಯ ದಾಖಲೆಗಳನ್ನು ಜಾಲಾಡಿದ. ನಿಂತದ್ದರಲ್ಲಿ ಶೇ 42ರಷ್ಟಕ್ಕೆ ಕಾರಣ ಯಂತ್ರ ನೋಡಿಕೊಳ್ಳುವವರ ಕೆಲಸಗಳು, ಶೇ 25ಕ್ಕೆ ಸಾಫ್ಟ್‌ವೇರ್. ಹಾರ್ಡ್‌ವೇರಿನ ಪಾಲು ಶೇ 18 ಮಾತ್ರ. 2001ರಲ್ಲಿ ಬರ್ಕ್ಲಿಯ ಆ್ಯರನ್ ಬ್ರೌನ್ ತನ್ನ ಗುರು ಪ್ಯಾಟರ್ಸನ್ ಜೊತೆಗೂಡಿ ಇನ್ನೊಂದು ಪರೀಕ್ಷೆ ಮಾಡಿದ. ಕೆಲವರನ್ನು ಕೂರಿಸಿ, ಹೇಗೆ ಮಾಡಬೇಕೆಂದು ಹೇಳಿಕೊಟ್ಟು, ರೇಡ್ ಗುಂಪಿನಲ್ಲಿ ಕೆಟ್ಟ ಡಿಸ್ಕನ್ನು ಬದಲಿಸಿ ಎಂದ. ಕೆಟ್ಟದ್ದರ ಬದಲು ಚೆನ್ನಾಗಿದ್ದ ಡಿಸ್ಕನ್ನು ಎಳೆದವರು ಅವರಲ್ಲಿದ್ದರು. ಒಂದು ಡಿಸ್ಕ್ ಮೊದಲೇ ಸತ್ತಿರುವಾಗ ಅದು ಎಂಥ ತಪ್ಪು ಎಂಬುದನ್ನು ಡೇಟಾ ಸೆಂಟರಿನಲ್ಲಿ ದುಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಡಿಸ್ಕಿನ ಟ್ರೇ ಮೇಲೆ ಮಿನುಗುವ ಪುಟ್ಟ ದೀಪ ಅಲಂಕಾರಕ್ಕೆ ಇಟ್ಟದ್ದಲ್ಲ.

ಸಾಯುವ ಮೊದಲೇ ಡಿಸ್ಕ್ ಸುಳಿವು ಕೊಟ್ಟರೆ? ಐಬಿಎಂ 1992ರಲ್ಲಿ ತನ್ನ ಡಿಸ್ಕುಗಳಲ್ಲಿ ಅಂಥದ್ದೊಂದು ಏರ್ಪಾಡು ಮಾಡಿತು. 1995ರ ಹೊತ್ತಿಗೆ ಕಾಂಪ್ಯಾಕ್ ಮತ್ತು ಡಿಸ್ಕ್ ತಯಾರಕರು ಸೇರಿ ಮಾಡಿದ ಇನ್ನೊಂದು ಏರ್ಪಾಡು ಅದಕ್ಕೆ ಕೂಡಿಕೊಂಡು ‘ಸ್ಮಾರ್ಟ್’ ಎಂಬ ಹೆಸರಿನಲ್ಲಿ ಎಲ್ಲರ ಡಿಸ್ಕಿಗೂ ಬಂತು. ಕೆಟ್ಟ ಸೆಕ್ಟರುಗಳೆಷ್ಟು, ಬದಲಿ ಜಾಗಕ್ಕೆ ಸಾಗಿಸಿದ್ದೆಷ್ಟು, ಶಾಖವೆಷ್ಟು ಎಂದು ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುತ್ತದೆ. ಇದನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಉತ್ತರ ಬಂದದ್ದು 2007ರ ಫೆಬ್ರವರಿಯಲ್ಲಿ, ಡಿಸ್ಕ್ ಹುಟ್ಟಿದ ಅದೇ ಸ್ಯಾನ್ ಹೋಸೆಯ ಒಂದು ಸಮ್ಮೇಳನದಲ್ಲಿ. ಗೂಗಲ್‌ನ ಮೂವರು ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಜಾತಕ ಬಿಚ್ಚಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ ಇತರ ಡಿಸ್ಕುಗಳಿಗಿಂತ 39 ಪಟ್ಟು ಹೆಚ್ಚು. ಅಷ್ಟರಮಟ್ಟಿಗೆ ಸುಳಿವು ನಿಜ. ಆದರೆ ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಸುಳಿವುಗಳಲ್ಲಿ ಒಂದನ್ನೂ ಕೊಡದೆ ಸುಮ್ಮನೆ ಹೋಗಿದ್ದವು. ಶಾಖ ಹೆಚ್ಚಿದಷ್ಟೂ ಡಿಸ್ಕ್ ಬೇಗ ಕೆಡುತ್ತದೆ ಎಂಬ ಎಲ್ಲರ ನಂಬಿಕೆಗೂ ಆ ಅಂಕಿಗಳಲ್ಲಿ ಬಲ ಸಿಗಲಿಲ್ಲ.

ಅದೇ ಸಮ್ಮೇಳನದಲ್ಲಿ ಇನ್ನೊಂದು ಪ್ರಬಂಧವಿತ್ತು. ಬರೆದವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಅದೇ ಗಾರ್ತ್ ಗಿಬ್ಸನ್. ಇಪ್ಪತ್ತು ವರ್ಷದ ಹಿಂದೆ ವಿದ್ಯಾರ್ಥಿಯಾಗಿ ಹಾಕಿದ್ದ ಲೆಕ್ಕ ಎರಡು ಊಹೆಗಳ ಮೇಲೆ ನಿಂತಿತ್ತು: ತಯಾರಕರು ಹೇಳುವ ಬಾಳಿಕೆ ನಿಜ, ಮತ್ತು ಒಂದು ಡಿಸ್ಕಿನ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧವಿಲ್ಲ. ಈಗ ಪ್ರಾಧ್ಯಾಪಕನಾಗಿದ್ದ ಅವನು ತನ್ನ ಊಹೆಗಳನ್ನು ತಾನೇ ಒರೆಗೆ ಹಚ್ಚಿದ. ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆ ಕೈಯಲ್ಲಿತ್ತು. 10 ಲಕ್ಷ ಗಂಟೆಯ ಬಾಳಿಕೆ ಎಂದು ಕಂಪನಿಗಳ ಕಾಗದದಲ್ಲಿ ಬರೆದಿದ್ದರೆ ವರ್ಷಕ್ಕೆ ಶೇ 0.88ರಷ್ಟು ಡಿಸ್ಕುಗಳು ಮಾತ್ರ ಹೋಗಬೇಕು. ವಾಸ್ತವದಲ್ಲಿ ಶೇ 2ರಿಂದ 4 ಬದಲಾಗುತ್ತಿದ್ದವು, ಕೆಲವೆಡೆ ಶೇ 13ರವರೆಗೆ. ಸಾವುಗಳು ಬಿಡಿಬಿಡಿಯಾಗಿಯೂ ಬರುತ್ತಿರಲಿಲ್ಲ; ಒಂದರ ಹಿಂದೆ ಇನ್ನೊಂದು, ಗೊಂಚಲಾಗಿ ಬರುತ್ತಿದ್ದವು. ತನ್ನ ಹೆಸರು ತಂದುಕೊಟ್ಟ ಕೆಲಸದ ಬುಡವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಅಲುಗಾಡಿಸಿ ನೋಡುವ ವಿದ್ವಾಂಸರು ವಿರಳ.

ಗೊಂಚಲು ಏಕೆ ಎಂಬುದು ಪೆಟ್ಟಿಗೆ ತೆರೆದು ನೋಡಿದವರಿಗೆ ತಿಳಿದದ್ದೇ. ಒಂದು ಸಾಲಿನ ಡಿಸ್ಕುಗಳೆಲ್ಲ ಒಂದೇ ದಿನ ಕೊಂಡವು, ಒಂದೇ ಕಾರ್ಖಾನೆಯ ಒಂದೇ ಬ್ಯಾಚಿನವು. ಒಂದೇ ಶಾಖ, ಒಂದೇ ಅದುರುವಿಕೆಯಲ್ಲಿ ಬಾಳಿದವು. 2000ದಲ್ಲಿ ಬಂದ ಐಬಿಎಂ ‘ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ’ ಮಾದರಿ ಎಷ್ಟು ಕೆಟ್ಟ ಹೆಸರು ಪಡೆಯಿತೆಂದರೆ ಕೊಂಡವರು ಅದನ್ನು ‘ಡೆತ್‌ಸ್ಟಾರ್’ ಎಂದು ಕರೆದರು, 2001ರಲ್ಲಿ ಕೋರ್ಟಿಗೂ ಹೋದರು. ಅಂಥ ಒಂದೇ ಮಾದರಿಯಿಂದ ರೇಡ್ ಕಟ್ಟಿದವರ ಪಾಡು ಊಹಿಸಬಹುದು. ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿಗಳಿಗೂ ಈ ಗ್ರಹಚಾರ ತಪ್ಪಲಿಲ್ಲ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ಒಂದು ಎಚ್ಚರಿಕೆ ಹೊರಡಿಸಿತು: ಕೆಲವು ಮಾದರಿಗಳ ಫರ್ಮ್‌ವೇರ್ ಬದಲಿಸದಿದ್ದರೆ ಡ್ರೈವ್ ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸಾಯುತ್ತದೆ, ಅದರಲ್ಲಿದ್ದದ್ದೂ ಮರಳಿ ಸಿಗದು. ಅಂದರೆ 3 ವರ್ಷ 270 ದಿನ 8 ಗಂಟೆ. ಎರಡನ್ನು 15 ಬಾರಿ ತನ್ನಿಂದಲೇ ಗುಣಿಸಿದರೆ ಬರುವ ಸಂಖ್ಯೆ ಅದು. ಒಂದೇ ಬೆಳಗ್ಗೆ ಸ್ವಿಚ್ ಹಾಕಿದ ಹತ್ತು ಡ್ರೈವುಗಳು ಒಂದೇ ಗಂಟೆಯಲ್ಲಿ ಕಣ್ಣು ಮುಚ್ಚಿದರೆ ಯಾವ ಪ್ಯಾರಿಟಿಯೂ ನೆರವಿಗೆ ಬಾರದು.

ಇದಕ್ಕಿಂತ ಮೆಲ್ಲಗೆ ನಡೆಯುವ ಕೇಡು ಇನ್ನೊಂದು. ಡಿಸ್ಕ್ ಬದುಕಿಯೇ ಇರುತ್ತದೆ, ಆದರೆ ಅದರ ಯಾವುದೋ ಮೂಲೆಯ ಸೆಕ್ಟರ್ ಓದಲು ಬಾರದಂತಾಗಿರುತ್ತದೆ. ಆ ಮೂಲೆಯನ್ನು ತಿಂಗಳುಗಟ್ಟಲೆ ಯಾರೂ ಕೇಳದಿದ್ದರೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಯಾವಾಗ? ಪಕ್ಕದ ಡಿಸ್ಕ್ ಸತ್ತು, ಅದನ್ನು ಮತ್ತೆ ಕಟ್ಟಲು ಉಳಿದವುಗಳ ಪ್ರತಿಯೊಂದು ಸೆಕ್ಟರನ್ನೂ ಓದಲೇಬೇಕಾದಾಗ. ಎಷ್ಟೋ ಡಿಸ್ಕುಗಳ ತಯಾರಕರು 100 ಲಕ್ಷ ಕೋಟಿ ಬಿಟ್ ಓದಿದರೆ ಒಂದು ಓದಲಾಗದ ದೋಷ ಬರಬಹುದು ಎಂದು ಬರೆದುಕೊಡುತ್ತಿದ್ದರು. ಅದು 12.5 ಟೆರಾಬೈಟ್. 100 ಮೆಗಾಬೈಟಿನ ಡಿಸ್ಕುಗಳ ಕಾಲದಲ್ಲಿ ಈ ಸಂಖ್ಯೆ ಸಮುದ್ರದಷ್ಟು ದೂರ. 2 ಟೆರಾಬೈಟಿನ ಏಳು ಡಿಸ್ಕುಗಳ ರೇಡ್-5ರಲ್ಲಿ ಒಂದು ಹೋದರೆ ಉಳಿದ ಆರರಿಂದ ಓದಬೇಕಾದದ್ದೇ 12 ಟೆರಾಬೈಟ್. ತಯಾರಕರ ಅಂಕಿಗಿಂತ ಡಿಸ್ಕುಗಳು ಸಾಮಾನ್ಯವಾಗಿ ಮೇಲಾಗಿಯೇ ನಡೆದುಕೊಂಡವು ಎನ್ನುವುದೊಂದು ಸಮಾಧಾನ. ಲಕ್ಷ್ಮಿ ಬೈರವಸುಂದರಂ ಮತ್ತು ಸಂಗಡಿಗರು ನೆಟ್‌ಆ್ಯಪ್ ಪೆಟ್ಟಿಗೆಗಳಲ್ಲಿದ್ದ 15.3 ಲಕ್ಷ ಡಿಸ್ಕುಗಳನ್ನು 32 ತಿಂಗಳ ಕಾಲ ಗಮನಿಸಿ, ಶೇ 3.45ರಷ್ಟರಲ್ಲಿ ಇಂಥ ಅಡಗಿದ ದೋಷ ಕಂಡಿತೆಂದು 2007ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹೆಚ್ಚಿನವನ್ನು ಹಿಡಿದುಕೊಟ್ಟದ್ದು ‘ಸ್ಕ್ರಬ್ಬಿಂಗ್’. ಯಾರು ಕೇಳಲಿ ಬಿಡಲಿ, ಬಿಡುವಿನ ಹೊತ್ತಿನಲ್ಲಿ ಯಂತ್ರ ತಾನೇ ಎಲ್ಲ ಡಿಸ್ಕುಗಳ ಎಲ್ಲ ಮೂಲೆಗಳನ್ನೂ ಓದಿ, ಕೆಟ್ಟದ್ದು ಸಿಕ್ಕರೆ ಪ್ಯಾರಿಟಿಯಿಂದ ಸರಿಪಡಿಸಿಡುವ ಕೆಲಸ ಅದು.

ರಿಪೇರಿಯ ನಡುವೆ ಎರಡನೆಯ ಪೆಟ್ಟು ಬೀಳುವುದು ಖಚಿತವಾದ ಮೇಲೆ ಎರಡನೆಯ ಮೊತ್ತ ಇಡದೆ ಗತಿಯಿರಲಿಲ್ಲ. ರೀಡ್ ಮತ್ತು ಸಾಲೊಮನ್ನರ ಗಣಿತ ಅದಕ್ಕೆ ಸಾಕಾಗುತ್ತಿತ್ತು, ಆದರೆ ಅದರ ಗುಣಾಕಾರಗಳು ಆಗಿನ ಪ್ರೊಸೆಸರಿಗೆ ಭಾರ. ಬರಿಯ ಕೂಡಿಕೆಯಿಂದಲೇ ಎರಡು ಮೊತ್ತ ಸಾಧಿಸುವ ‘ಈವನ್‌ಆಡ್’ ವಿಧಾನವನ್ನು ಐಬಿಎಂ ಸಂಶೋಧಕರು 1995ರಲ್ಲಿ ಪ್ರಕಟಿಸಿದರು. ನೆಟ್‌ಆ್ಯಪ್‌ನ ಪೀಟರ್ ಕಾರ್ಬೆಟ್ ತಂಡ 2004ರಲ್ಲಿ ಅದನ್ನು ಇನ್ನಷ್ಟು ಸರಳ ಮಾಡಿತು: ಒಂದು ಮೊತ್ತ ಅಡ್ಡಸಾಲಿನಲ್ಲಿ, ಇನ್ನೊಂದು ಓರೆಯಾಗಿ. ಯಾವ ಎರಡು ಡಿಸ್ಕ್ ಹೋದರೂ ಒಂದು ಓರೆಸಾಲಿನಿಂದ ಶುರುಮಾಡಿ, ಅಲ್ಲಿ ಸಿಕ್ಕಿದ್ದರಿಂದ ಅಡ್ಡಸಾಲನ್ನು, ಅದರಿಂದ ಮುಂದಿನ ಓರೆಸಾಲನ್ನು ಬಿಡಿಸುತ್ತ ಹೋಗಬಹುದು. ಮರುವರ್ಷ ಸನ್ ಕಂಪನಿ ಹೊರಬಿಟ್ಟ ಫೈಲ್ ವ್ಯವಸ್ಥೆ ಜೆಡ್‌ಎಫ್‌ಎಸ್ ಪ್ರತಿಯೊಂದು ತುಣುಕಿಗೂ ತಾಳೆ ನೋಡುವ ಸಂಖ್ಯೆಯಾದ ಚೆಕ್‌ಸಮ್ ಕಟ್ಟಿ, ಡಿಸ್ಕ್ ಸುಳ್ಳು ಹೇಳಿದರೂ ಹಿಡಿಯುವಂತೆ ಮಾಡಿತು. ಡಿಸ್ಕ್ ಸುಳ್ಳು ಹೇಳುವುದುಂಟೇ ಎಂದು ಕೇಳುವವರಿಗೆ ಬೈರವಸುಂದರಂ ತಂಡದ 2008ರ ಇನ್ನೊಂದು ಅಧ್ಯಯನವಿದೆ: 41 ತಿಂಗಳಲ್ಲಿ ಚೆಕ್‌ಸಮ್ ತಾಳೆಯಾಗದ 4 ಲಕ್ಷಕ್ಕೂ ಹೆಚ್ಚು ಪ್ರಸಂಗಗಳು.

ಇಷ್ಟೆಲ್ಲ ಇದ್ದೂ ಡಿಸ್ಕುಗಳ ಸಾಲು ಬ್ಯಾಕಪ್ ಅಲ್ಲ. 2010ರ ಆಗಸ್ಟ್ 25ರಂದು ಅಮೆರಿಕದ ವರ್ಜೀನಿಯಾ ರಾಜ್ಯ ಸರ್ಕಾರದ ಡೇಟಾ ಸೆಂಟರಿನಲ್ಲಿ ಡಿಸ್ಕ್ ಸಾಯಲಿಲ್ಲ. ಡಿಸ್ಕುಗಳನ್ನು ಆಳುವ ಸ್ಟೋರೇಜ್ ಪೆಟ್ಟಿಗೆಯ ಮೆಮೊರಿ ಬೋರ್ಡ್ ಕೆಟ್ಟಿತು. 26 ಇಲಾಖೆಗಳ ಕೆಲಸಕ್ಕೆ ಪೆಟ್ಟು ಬಿತ್ತು. ಸುಮಾರು ಒಂದು ವಾರ ಡ್ರೈವಿಂಗ್ ಲೈಸೆನ್ಸ್ ಕೊಡಲಾಗಲಿಲ್ಲ. ಇಡೀ ಪೆಟ್ಟಿಗೆಯೇ ಮಂಕಾದರೆ ಒಳಗಿನ ಮೊತ್ತಗಳಿಂದ ಏನೂ ಆಗದು.

ಪೆಟ್ಟಿಗೆಯನ್ನೇ ನೆಚ್ಚಬೇಡಿ ಎಂಬ ದಾರಿ ಹಿಡಿದದ್ದು ಗೂಗಲ್. 2003ರಲ್ಲಿ ಅದು ವಿವರಿಸಿದ ಫೈಲ್ ವ್ಯವಸ್ಥೆ ಪ್ರತಿಯೊಂದನ್ನೂ 64 ಮೆಗಾಬೈಟಿನ ತುಂಡುಗಳಾಗಿ ಒಡೆದು, ತುಂಡಿಗೆ ಮೂರು ನಕಲು ಮಾಡಿ, ಬೇರೆಬೇರೆ ಸಾಮಾನ್ಯ ಯಂತ್ರಗಳಲ್ಲಿ ಹರಡಿತು. ಒಂದು ಡಿಸ್ಕ್ ಸತ್ತರೆ ಅದರ ತುಂಡುಗಳ ನಕಲು ನೂರಾರು ಯಂತ್ರಗಳಲ್ಲಿ ಇರುವುದರಿಂದ ಎಲ್ಲವೂ ಏಕಕಾಲಕ್ಕೆ ರಿಪೇರಿಗೆ ಕೈಹಾಕಬಹುದು. ಹೊಸ ಡಿಸ್ಕೊಂದರ ಬರೆಯುವ ವೇಗಕ್ಕೆ ಕಟ್ಟುಬಿದ್ದಿದ್ದ 22 ಗಂಟೆಯ ಸಮಸ್ಯೆ ಹೀಗೆ ಬಗೆಹರಿಯಿತು. ಬೆಲೆ ಮಾತ್ರ ಮುಮ್ಮಡಿ. ಅದನ್ನು ಇಳಿಸಲು ದೊಡ್ಡ ಕಂಪನಿಗಳು ಮತ್ತೆ ರೀಡ್-ಸಾಲೊಮನ್ ಕಡೆಗೆ ತಿರುಗಿದವು. ಫೇಸ್‌ಬುಕ್ ತನ್ನ ಹಳೆಯ ಮಾಹಿತಿಗೆ 10 ತುಂಡಿಗೆ 4 ಹೆಚ್ಚುವರಿ ತುಂಡುಗಳ ಸಂಕೇತ ಬಳಸಿತು. ಯಾವ ನಾಲ್ಕು ಹೋದರೂ ಚಿಂತೆಯಿಲ್ಲ, ಜಾಗ ಬೇಕಾದದ್ದು ಒಂದೂವರೆ ಪಟ್ಟಿಗಿಂತ ಕಡಿಮೆ. ಆದರೆ ಕಳೆದ ಒಂದೇ ಒಂದು ತುಂಡನ್ನು ಕಟ್ಟಲು ಹತ್ತು ತುಂಡುಗಳನ್ನು ಜಾಲದ ಮೇಲೆ ತರಿಸಬೇಕು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಕಂಪನಿಯ ಯಂತ್ರಗಳ ಒಂದು ಕ್ಲಸ್ಟರಿನಲ್ಲಿ ದಿನವೊಂದಕ್ಕೆ 180 ಟೆರಾಬೈಟಿಗೂ ಹೆಚ್ಚು ದತ್ತಾಂಶ ರಿಪೇರಿಗಾಗಿಯೇ ರ್‍ಯಾಕಿನಿಂದ ರ್‍ಯಾಕಿಗೆ ಓಡಾಡುತ್ತಿತ್ತು.

ಆ ಅಧ್ಯಯನದ ಮೊದಲ ಲೇಖಕಿ ಕೆ.ವಿ. ರಶ್ಮಿ. ಅವರು ಬರ್ಕ್ಲಿಗೆ ಹೋಗುವ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಪಿ. ವಿಜಯ್ ಕುಮಾರ್ ಅವರ ಬಳಿ ಓದಿದವರು. ಕಡಿಮೆ ಮಾಹಿತಿ ತರಿಸಿಕೊಂಡು ರಿಪೇರಿ ಮಾಡಬಲ್ಲ ‘ರೀಜನರೇಟಿಂಗ್ ಕೋಡ್’ ಎಂಬ ಕಲ್ಪನೆಯನ್ನು ಅಲೆಕ್ಸಾಂಡ್ರೊಸ್ ಡಿಮಾಕಿಸ್ ಮತ್ತು ಸಂಗಡಿಗರು 2007ರಲ್ಲಿ ಮುಂದಿಟ್ಟು, ಎಷ್ಟರಮಟ್ಟಿಗೆ ಉಳಿತಾಯ ಸಾಧ್ಯ ಎಂಬ ಗಡಿಯನ್ನು ತೋರಿಸಿದ್ದರು. ಆ ಗಡಿಯನ್ನು ನಿಜವಾಗಿ ಮುಟ್ಟುವ ಸಂಕೇತಗಳನ್ನು ಕಟ್ಟುವ ಒಂದು ಸೊಗಸಾದ ವಿಧಾನವನ್ನು ರಶ್ಮಿ, ನಿಹಾರ್ ಶಾ ಮತ್ತು ವಿಜಯ್ ಕುಮಾರ್ 2011ರಲ್ಲಿ ಪ್ರಕಟಿಸಿದರು. ಫೇಸ್‌ಬುಕ್ಕಿನವರ ಜೊತೆ ರಶ್ಮಿ ಮಾಡಿದ ‘ಹಿಚ್‌ಹೈಕರ್’ 2014ರಲ್ಲಿ ಬಂತು. ಹೆಚ್ಚುವರಿ ಜಾಗ ಕೇಳದೆ ರಿಪೇರಿಯ ಓಡಾಟವನ್ನು ಅದು ಶೇ 25ರಿಂದ 45ರಷ್ಟು ತಗ್ಗಿಸಿತು.

ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಆ ಹಸಿರು ಆವರಣದಲ್ಲಿ ಕೆಲಸ ಮುಂದುವರಿಯಿತು. ಮೈನಾ ವಾಝಾ ಮತ್ತು ಸಹಪಾಠಿಗಳು, ವಿಜಯ್ ಕುಮಾರ್, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಬಾರ್ಗ್, ನೆಟ್‌ಆ್ಯಪ್‌ನ ಶ್ರೀನಿವಾಸನ್ ನಾರಾಯಣಮೂರ್ತಿ ಮೊದಲಾದವರು ಸೇರಿ 2018ರಲ್ಲಿ ‘ಕ್ಲೇ ಕೋಡ್’ ಮಂಡಿಸಿದರು. ಸಂಕೇತದ ಪದರಗಳನ್ನು ಜೋಡಿಜೋಡಿಯಾಗಿ ಹೆಣೆದು, ರಿಪೇರಿಯ ಹೊತ್ತಿಗೆ ಪ್ರತಿ ಸಹಾಯಕ ಡಿಸ್ಕ್ ತನ್ನಲ್ಲಿರುವುದರ ಒಂದು ಪಾಲನ್ನಷ್ಟೇ ಕಳಿಸುವಂತೆ ಮಾಡುವುದು ಇದರ ಹೂರಣ. 10ಕ್ಕೆ 4ರ ಲೆಕ್ಕದಲ್ಲಿ ಉಳಿದ 13 ಡಿಸ್ಕುಗಳೂ ಕಾಲುಭಾಗ ಕೊಟ್ಟರೆ ಸಾಕು. ಹತ್ತು ತುಂಡು ತರಿಸುವ ಜಾಗದಲ್ಲಿ ಮೂರೂಕಾಲು ತುಂಡು. 16ಕ್ಕೆ 4ರ ಲೆಕ್ಕದ ಇನ್ನೊಂದು ಮಾದರಿಯನ್ನು ಅಮೆಜಾನ್ ಕ್ಲೌಡಿನಲ್ಲಿ ಓಡಿಸಿದಾಗ ಜಾಲದ ಮೇಲಿನ ಓಡಾಟ ರೀಡ್-ಸಾಲೊಮನ್‌ಗಿಂತ 2.9 ಪಟ್ಟು ಇಳಿಯಿತು. 2019ರಲ್ಲಿ ಬಂದ ಸೆಫ್ ತಂತ್ರಾಂಶದ ‘ನಾಟಿಲಸ್’ ಆವೃತ್ತಿಯಿಂದ ಕ್ಲೇ ಕೋಡ್ ಯಾರು ಬೇಕಾದರೂ ಬಳಸಬಹುದಾದ ಆಯ್ಕೆಯಾಗಿ ಸೇರಿತು. ಇದಕ್ಕೂ ತೆರಬೇಕಾದ ಬೆಲೆಯಿದೆ. 10ಕ್ಕೆ 4ರ ಮಾದರಿಯಲ್ಲಿ ಪ್ರತಿ ತುಂಡನ್ನು 256 ಚೂರು ಮಾಡಬೇಕು, 16ಕ್ಕೆ 4ರಲ್ಲಿ 1,024 ಚೂರು. ತುಂಡು ಸಣ್ಣದಾಗಿದ್ದರೆ ಡಿಸ್ಕಿನ ಕೈ ಆ ಚೂರುಗಳಿಗಾಗಿ ಅತ್ತಿತ್ತ ಹಾರುವುದರಲ್ಲೇ ಉಳಿಸಿದ ಹೊತ್ತನ್ನು ಕಳೆಯುತ್ತದೆ.

ರಶ್ಮಿ ಈಗ ಕಾರ್ನೆಗಿ ಮೆಲನ್‌ನಲ್ಲಿ ಪ್ರಾಧ್ಯಾಪಕಿ, ಗಿಬ್ಸನ್ ಕಲಿಸುತ್ತಿದ್ದ ವಿಶ್ವವಿದ್ಯಾಲಯದಲ್ಲೇ. ಸೌರಭ್ ಕಡೇಕೋಡಿ, ಗ್ರೆಗರಿ ಗ್ಯಾಂಗರ್ ಜೊತೆ ಅವರು 2019ರಿಂದ ಪ್ರಕಟಿಸಿದ ಕೆಲಸ ಇನ್ನೊಂದು ಹಳೆಯ ಊಹೆಗೆ ಕೈಹಚ್ಚಿದೆ. ಎಲ್ಲ ಡಿಸ್ಕುಗಳಿಗೂ ಒಂದೇ ಸಂಕೇತ ತೊಡಿಸುವುದನ್ನು ಬಿಟ್ಟು, ಯಾವ ಮಾದರಿ ಯಾವ ವಯಸ್ಸಿನಲ್ಲಿ ಎಷ್ಟು ಸಾಯುತ್ತಿದೆ ಎಂದು ನೋಡುತ್ತ, ಎಳೆಯ ಡಿಸ್ಕಿಗೆ ಹೆಚ್ಚು ರಕ್ಷಣೆ, ಗಟ್ಟಿಯಾದ ನಡುವಯಸ್ಸಿನಲ್ಲಿ ಕಡಿಮೆ, ಮುಪ್ಪಿನಲ್ಲಿ ಮತ್ತೆ ಹೆಚ್ಚು ಎಂದು ಸಂಕೇತವನ್ನೇ ಕಾಲಕಾಲಕ್ಕೆ ಬದಲಿಸುವ ವಿಧಾನ ಅದು.